ಒಂದೇ ಸೂತ್ರ, ಏಳು ಸೀಸೆ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಏಳು ಸಣ್ಣ ಸೀಸೆಗಳಿವೆ ಅಂತ ಇಟ್ಟುಕೊಳ್ಳಿ. ಏಳರಲ್ಲೂ ನೀರಿನಂತೆ ತಿಳಿಯಾದ ದ್ರವ. ಏಳಕ್ಕೂ ಒಂದೇ ಚೀಟಿ ಅಂಟಿಸಿದೆ: ಸಿ₄ಎಚ್₁₀ಓ. ಸಿ ಅಂದರೆ ಕಾರ್ಬನ್, ಎಚ್ ಹೈಡ್ರೋಜನ್, ಓ ಆಕ್ಸಿಜನ್. ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್, ಒಂದು ಆಕ್ಸಿಜನ್ ಸೇರಿ ಒಂದು ಅಣು. ಚೀಟಿಯಲ್ಲಿ ಸುಳ್ಳೇನೂ ಇಲ್ಲ, ಏಳಕ್ಕೂ ಅದೇ ಅಣುಸೂತ್ರ. ಆದರೂ ಒಂದು ಸೀಸೆಯ ದ್ರವ 31 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಇನ್ನೊಂದಕ್ಕೆ 117 ಡಿಗ್ರಿ ಬೇಕು. ಒಂದು ನೀರಿನಲ್ಲಿ ಎಷ್ಟು ಹಾಕಿದರೂ ಬೆರೆಯುತ್ತದೆ, ಇನ್ನೊಂದು ಸ್ವಲ್ಪ ಬೆರೆತು ಉಳಿದದ್ದು ಮೇಲೆ ತೇಲುತ್ತದೆ. 1846ರಲ್ಲಿ ಬಾಸ್ಟನ್‌ನ ಆಸ್ಪತ್ರೆಯಲ್ಲಿ ಜನರ ಮುಂದೆ ರೋಗಿಗೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದು ಇವುಗಳಲ್ಲಿ ಒಂದರಿಂದ, ಡೈಈಥೈಲ್ ಈಥರ್‌ನಿಂದ. ಉಳಿದವುಗಳಲ್ಲಿ ಹೆಚ್ಚಿನವನ್ನು ಅದರ ಜಾಗದಲ್ಲಿ ಇಡುವಂತಿಲ್ಲ.

ಹಾಗಾದರೆ ಸೂತ್ರ ನಮಗೆ ಹೇಳಿದ್ದೇನು, ಹೇಳದೆ ಬಿಟ್ಟಿದ್ದೇನು? ಈ ಹೊತ್ತು ಮಾತಾಡಬೇಕಿರುವುದು ಅಷ್ಟೇ. ಸೂತ್ರ ಒಂದು ಲೆಕ್ಕಪಟ್ಟಿ. ಯಾವ ಪರಮಾಣು ಎಷ್ಟು ಅಂತ ಹೇಳುತ್ತದೆ, ಯಾರ ಕೈ ಯಾರು ಹಿಡಿದಿದ್ದಾರೆ ಅಂತ ಹೇಳುವುದಿಲ್ಲ. ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಗೊತ್ತು: ಅಷ್ಟೇ ಚುಕ್ಕಿ ಇಟ್ಟು, ಎಳೆ ಬೇರೆ ರೀತಿ ಎಳೆದರೆ ಚಿತ್ರವೇ ಬೇರೆ. ಅದೇ ಚುಕ್ಕಿ, ಬೇರೆ ಎಳೆ – ಇಂಥ ಅಣುಗಳಿಗೆ ರಚನಾ ಸಮಾಂಗಿಗಳು ಅನ್ನುತ್ತೇವೆ. ಐಸೋಮರ್ ಎಂಬ ಮಾತನ್ನು 1830ರಲ್ಲಿ ಬಳಕೆಗೆ ತಂದವರು ಸ್ವೀಡನ್ನಿನ ಬರ್ಜೀಲಿಯಸ್. ಗ್ರೀಕ್‌ನಲ್ಲಿ ಅದರ ಅರ್ಥ ಸಮಾನ ಭಾಗಗಳುಳ್ಳದ್ದು. ಅದಕ್ಕೂ ಮೊದಲು, 1820ರ ದಶಕದಲ್ಲಿ, ಜರ್ಮನಿಯ ರಸಾಯನಜ್ಞರಾದ ಲೀಬಿಗ್ ಸ್ಫೋಟಿಸುವ ಸಿಲ್ವರ್ ಫಲ್ಮಿನೇಟನ್ನೂ ವೋಲರ್ ಸ್ಫೋಟಿಸದ ಸಿಲ್ವರ್ ಸಯನೇಟನ್ನೂ ವಿಶ್ಲೇಷಿಸಿದಾಗ ಇಬ್ಬರಿಗೂ ಒಂದೇ ಅಂಕಿ ಬಂದಿತ್ತು. ಒಬ್ಬರ ತಕ್ಕಡಿ ತಪ್ಪಿರಬೇಕು ಅಂತ ಮೊದಲು ಎಲ್ಲರಿಗೂ ಅನ್ನಿಸಿತು. ತಕ್ಕಡಿಗಳು ಸರಿಯಾಗಿಯೇ ಇದ್ದವು.

ಮೊದಲು ಸೂತ್ರ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಪಠ್ಯಪುಸ್ತಕದಲ್ಲಿ ಅದು ಅಚ್ಚಾಗಿರುತ್ತದೆ, ಪ್ರಯೋಗಾಲಯದಲ್ಲಿ ಅದನ್ನು ದುಡಿದು ಪಡೆಯಬೇಕು. ಒಂದು ಸೀಸೆಯಿಂದ 0.3706 ಗ್ರಾಂ ದ್ರವ ತೂಗಿ, ಧಾರಾಳ ಆಕ್ಸಿಜನ್‌ನಲ್ಲಿ ಪೂರ್ತಿ ಸುಡುತ್ತೇವೆ. ಹೊರಬರುವ ಅನಿಲ ಮೊದಲು ನೀರನ್ನು ಮಾತ್ರ ಹೀರುವ ಕೊಳವೆಯ ಮೂಲಕ ಹೋಗುತ್ತದೆ, ಆಮೇಲೆ ಕಾರ್ಬನ್ ಡೈಆಕ್ಸೈಡ್ ಹೀರುವ ಕ್ಷಾರದ ಮೂಲಕ. ಈ ಅನುಕ್ರಮ ತಿರುಗಿಸಬಾರದು. ಕ್ಷಾರ ನೀರನ್ನೂ ಹೀರುತ್ತದೆ, ಮೊದಲೇ ಅದನ್ನಿಟ್ಟರೆ ಎರಡೂ ಒಂದೇ ಕೊಳವೆಯಲ್ಲಿ ಸೇರಿ ಲೆಕ್ಕ ಕೈಬಿಟ್ಟುಹೋಗುತ್ತದೆ. ಕೊಳವೆಗಳ ತೂಕ ಹೆಚ್ಚಿದ್ದು ಇಷ್ಟು: ನೀರು 0.4504 ಗ್ರಾಂ, ಕಾರ್ಬನ್ ಡೈಆಕ್ಸೈಡ್ 0.8802 ಗ್ರಾಂ.

ಈಗ ಮೋಲ್‌ಗೆ ಇಳಿಸಿ, ಅಂದರೆ ಗ್ರಾಂ ತೂಕವನ್ನು ಅಣುತೂಕದಿಂದ ಭಾಗಿಸಿ ಅಣುಗಳ ಎಣಿಕೆಗೆ ತನ್ನಿ. 0.8802ನ್ನು 44.01ರಿಂದ ಭಾಗಿಸಿದರೆ 0.0200 ಮೋಲ್, ಕಾರ್ಬನ್ನೂ ಅಷ್ಟೇ. 0.4504ನ್ನು 18.015ರಿಂದ ಭಾಗಿಸಿದರೆ 0.0250, ಒಂದು ನೀರಿನಲ್ಲಿ ಎರಡು ಹೈಡ್ರೋಜನ್ ಇರುವುದರಿಂದ ಹೈಡ್ರೋಜನ್ 0.0500 ಮೋಲ್. ಕಾರ್ಬನ್ನಿನ ತೂಕ 0.2402 ಗ್ರಾಂ, ಹೈಡ್ರೋಜನ್ನಿನದು 0.0504 ಗ್ರಾಂ. ಎರಡನ್ನೂ ಮೂಲ ತೂಕದಿಂದ ಕಳೆದರೆ 0.0800 ಗ್ರಾಂ ಉಳಿಯುತ್ತದೆ. ಅದು ಆಕ್ಸಿಜನ್, 0.0050 ಮೋಲ್. ಮೂರನ್ನೂ 0.0050ರಿಂದ ಭಾಗಿಸಿ: 4, 10, 1.

ಆಕ್ಸಿಜನ್ನನ್ನು ನಾವು ತೂಗಲಿಲ್ಲ, ಕಳೆದು ಪಡೆದೆವು. ಇದು ನೆನಪಿರಲಿ. ಎಲ್ಲೇ ತಪ್ಪಾದರೂ ಅದರ ಭಾರ ಬಂದು ಬೀಳುವುದು ಆಕ್ಸಿಜನ್ನಿನ ತಲೆಯ ಮೇಲೆ. ದ್ರವದಲ್ಲಿ ಶೇ. 2ರಷ್ಟು ನೀರು ಸೇರಿತ್ತು ಅನ್ನಿ, ಬರೀ ಶೇ. 2. ಆಗ 4 : 10 : 1 ಬರುವ ಬದಲು ಸುಮಾರು 3.7 : 9.4 : 1 ಬರುತ್ತದೆ. ವಿದ್ಯಾರ್ಥಿಗಳು ಇಲ್ಲಿ ಎರಡು ರೀತಿ ಎಡವುತ್ತಾರೆ. ಕೆಲವರು 9.4ನ್ನು 9 ಮಾಡುತ್ತಾರೆ. ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ ಮಾತ್ರ ಇರುವ ಸ್ಥಿರ ಅಣುವಿನಲ್ಲಿ ಹೈಡ್ರೋಜನ್ ಸಂಖ್ಯೆ ಯಾವಾಗಲೂ ಸಮಸಂಖ್ಯೆ, ಆದ್ದರಿಂದ 9 ಕಂಡ ಕೂಡಲೇ ಲೆಕ್ಕ ನಿಲ್ಲಿಸಿ ಹಿಂದಕ್ಕೆ ಹೋಗಬೇಕು. ಇನ್ನು ಕೆಲವರು 2.5 ಬಂದಾಗ ಅದನ್ನು 3 ಮಾಡಿಬಿಡುತ್ತಾರೆ. 2.5 ಬಂದರೆ ಎಲ್ಲವನ್ನೂ 2ರಿಂದ ಗುಣಿಸಬೇಕು. ಸುಡುವಿಕೆ ಅರ್ಧಂಬರ್ಧವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟಿದರೆ ಕ್ಷಾರ ಅದನ್ನು ಹಿಡಿಯುವುದಿಲ್ಲ, ಕಾರ್ಬನ್ ಕಡಿಮೆ ಬರುತ್ತದೆ. ಈಥರ್‌ನಂಥ ದ್ರವವನ್ನು ತೆರೆದ ಬಟ್ಟಲಲ್ಲಿ ತೂಗಿದರೆ ತೂಕ ಬರೆದುಕೊಳ್ಳುವಷ್ಟರಲ್ಲಿ ಅರ್ಧ ಹಾರಿಹೋಗಿರುತ್ತದೆ. ಅದನ್ನು ಸಣ್ಣ ಗಾಜಿನ ನಳಿಗೆಯಲ್ಲಿ ಮುಚ್ಚಿಯೇ ತೂಗಬೇಕು.

4 : 10 : 1 ಬರೀ ಅನುಪಾತ. ಅಣುಸೂತ್ರ ಆಗಬೇಕಾದರೆ ಅಣುತೂಕ ಬೇಕು. ಫಾರ್ಮಾಲ್ಡಿಹೈಡ್, ಅಸಿಟಿಕ್ ಆಮ್ಲ, ಗ್ಲೂಕೋಸ್ ಮೂರರ ಅನುಪಾತವೂ 1 : 2 : 1, ಅಣುತೂಕ ಮಾತ್ರ 30, 60, 180. ನಮ್ಮ ದ್ರವದ ಅಣುತೂಕ 74 ಬಂದರೆ ಸೂತ್ರ ಸಿ₄ಎಚ್₁₀ಓ. ಈಗೆಲ್ಲ ಇದಕ್ಕೆ ಅಣುಗಳನ್ನೂ ಅವುಗಳ ತುಂಡುಗಳನ್ನೂ ತೂಗುವ ಯಂತ್ರ, ಮಾಸ್ ಸ್ಪೆಕ್ಟ್ರೋಮೀಟರ್ ಬಳಸುತ್ತೇವೆ. ಅಲ್ಲೂ ಎರಡು ಕಡೆ ಎಚ್ಚರ ಬೇಕು. ನಮ್ಮ ಏಳರಲ್ಲಿ ಒಂದಾದ ಟರ್ಷಿಯರಿ ಬ್ಯೂಟೈಲ್ ಆಲ್ಕೋಹಾಲ್ ಯಂತ್ರದೊಳಗೆ ಎಷ್ಟು ಬೇಗ ಒಡೆಯುತ್ತದೆಂದರೆ 74ರ ಗೆರೆ ಕಾಣುವುದೇ ಇಲ್ಲ ಅನ್ನಬಹುದು; ಒಂದು ಮೀಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್‌ಗಳ ತುಂಡು) ಕಳಚಿ 59ರ ಗೆರೆ ಎತ್ತರಕ್ಕೆ ನಿಂತಿರುತ್ತದೆ. ಅದನ್ನೇ ಅಣುತೂಕ ಅಂದುಕೊಂಡರೆ ಮುಂದಿನದೆಲ್ಲ ತಪ್ಪು. ಇನ್ನೊಂದು, ಪ್ರೊಪನೋಯಿಕ್ ಆಮ್ಲದ ಸಿ₃ಎಚ್₆ಓ₂ ಕೂಡ 74. ಹೆಚ್ಚು ನಿಖರವಾದ ಯಂತ್ರದಲ್ಲಿ ಮಾತ್ರ 74.0732 ಮತ್ತು 74.0368 ಅಂತ ಎರಡೂ ಬೇರೆಯಾಗುತ್ತವೆ.

ಸೂತ್ರ ಸಿಕ್ಕಿತು. ಚಿತ್ರ ಬಿಡಿಸುವ ಮೊದಲು ಒಂದು ಪುಟ್ಟ ಲೆಕ್ಕ ಮಾಡಲೇಬೇಕು. ಕಾರ್ಬನ್ನಿಗೆ ನಾಲ್ಕು ಕೈ. ಉಂಗುರವಿಲ್ಲದೆ, ದ್ವಿಬಂಧವಿಲ್ಲದೆ (ಇಬ್ಬರು ಎರಡೆರಡು ಕೈ ಹಿಡಿದುಕೊಂಡರೆ ಅದು ದ್ವಿಬಂಧ) ಕಾರ್ಬನ್‌ಗಳನ್ನು ಹೇಗೆ ಜೋಡಿಸಿದರೂ ಅವು ಹಿಡಿಯುವ ಹೈಡ್ರೋಜನ್, ಕಾರ್ಬನ್ ಸಂಖ್ಯೆಯ ಎರಡರಷ್ಟಕ್ಕೆ 2 ಕೂಡಿಸಿದಷ್ಟು. ಎರಡು ಹೈಡ್ರೋಜನ್ ಕಡಿಮೆಯಾದರೆ ಎಲ್ಲೋ ಒಂದು ಉಂಗುರವೋ ದ್ವಿಬಂಧವೋ ಇದೆ ಅಂತ ಅರ್ಥ. ಹೀಗೆ ಕಡಿಮೆ ಬಿದ್ದ ಜೋಡಿಗಳ ಸಂಖ್ಯೆಯೇ ಅಪರ್ಯಾಪ್ತತೆಯ ಅಂಕ. ಆಕ್ಸಿಜನ್ನಿಗೆ ಎರಡು ಕೈ, ಅದು ಎರಡು ಪರಮಾಣುಗಳ ನಡುವೆ ಹೋಗಿ ಕೂರುತ್ತದೆ, ಹೈಡ್ರೋಜನ್ ಲೆಕ್ಕ ಬದಲಾಗುವುದಿಲ್ಲ. ನೈಟ್ರೋಜನ್ನಿಗೆ ಮೂರು ಕೈ, ಪ್ರತಿಯೊಂದೂ ಒಂದು ಹೈಡ್ರೋಜನ್ ಹೆಚ್ಚು ತರುತ್ತದೆ. ಕ್ಲೋರಿನ್, ಬ್ರೋಮಿನ್‌ಗಳನ್ನು ಹೈಡ್ರೋಜನ್ನಿನಂತೆಯೇ ಎಣಿಸಿ. ನಮ್ಮಲ್ಲಿ ಕಾರ್ಬನ್ ನಾಲ್ಕು, ಎಂಟಕ್ಕೆ ಎರಡು ಕೂಡಿ ಹತ್ತು. ಇರುವುದೂ ಹತ್ತು. ಅಂಕ ಸೊನ್ನೆ. ಉಂಗುರ ಇಲ್ಲ, ದ್ವಿಬಂಧ ಇಲ್ಲ, ಆದ್ದರಿಂದ ಕಾರ್ಬನ್–ಆಕ್ಸಿಜನ್ ದ್ವಿಬಂಧ ಬೇಕಾದ ಆಲ್ಡಿಹೈಡ್, ಕೀಟೋನ್, ಆಮ್ಲ ಯಾವುದೂ ಆಗಲಾರದು. ಉಳಿಯುವುದು ಆಲ್ಕೋಹಾಲ್ ಮತ್ತು ಈಥರ್. ಒಂದು ಸಾಲಿನ ಲೆಕ್ಕ ಇಷ್ಟು ಬಾಗಿಲು ಮುಚ್ಚುತ್ತದೆ, ಆದರೂ ಪರೀಕ್ಷೆಯ ಗಡಿಬಿಡಿಯಲ್ಲಿ ಮೊದಲು ಬಿಟ್ಟುಬಿಡುವುದು ಇದನ್ನೇ.

ಈಗ ಬಿಡಿಸೋಣ. ಕಂಡಕಂಡಂತೆ ಗೀಚಿದರೆ ಒಂದನ್ನೇ ಎರಡು ಸಲ ಬಿಡಿಸುತ್ತೇವೆ, ಇನ್ನೊಂದನ್ನು ಮರೆಯುತ್ತೇವೆ. ಆಕ್ಸಿಜನ್ನನ್ನು ಪಕ್ಕಕ್ಕಿಡಿ. ನಾಲ್ಕು ಕಾರ್ಬನ್‌ಗಳ ಅಸ್ಥಿಪಂಜರ ಎಷ್ಟು ಬಗೆ? ಎರಡೇ. ನಾಲ್ಕೂ ಒಂದೇ ಸಾಲಿನಲ್ಲಿ, ಅಥವಾ ಮೂರು ಸಾಲಿನಲ್ಲಿದ್ದು ನಡುವಿನದಕ್ಕೆ ನಾಲ್ಕನೆಯದು ಕವಲಾಗಿ. ಮೊದಲನೆಯದು ಬ್ಯೂಟೇನ್, ಎರಡನೆಯದು ಐಸೋಬ್ಯೂಟೇನ್. ಇವೂ ಸಮಾಂಗಿಗಳೇ. ಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಐಸೋಬ್ಯೂಟೇನ್ ಸೊನ್ನೆಗಿಂತ 11.7 ಡಿಗ್ರಿ ಕೆಳಗೆ. ಹಿಮದಲ್ಲಿ ಚಾರಣ ಹೋಗುವವರು ಗ್ಯಾಸ್ ಡಬ್ಬಿಯಲ್ಲಿ ಐಸೋಬ್ಯೂಟೇನ್ ಇದೆಯೇ ಅಂತ ನೋಡಿ ಕೊಳ್ಳುವುದು ಇದಕ್ಕೇ. ಬರೀ ಬ್ಯೂಟೇನ್ ಆದರೆ ಆ ಚಳಿಯಲ್ಲಿ ಆವಿಯಾಗದೆ ಡಬ್ಬಿಯೊಳಗೇ ಕೂರುತ್ತದೆ. ಮನೆಯ ಹೊಸ ಫ್ರಿಜ್ಜಿನ ಹಿಂಬದಿಯ ಪಟ್ಟಿಯಲ್ಲಿ ಆರ್600ಎ ಅಂತ ಬರೆದಿದ್ದರೆ ಅದರ ಕೊಳವೆಯಲ್ಲಿ ಸುತ್ತುತ್ತಿರುವುದೂ ಐಸೋಬ್ಯೂಟೇನೇ.

ಮುಂದಿನ ಹೆಜ್ಜೆ ಬಹಳ ಸೊಗಸಾಗಿದೆ. ಆಕ್ಸಿಜನ್ನಿಗೆ ಎರಡು ಕೈ ಅಂದೆವಲ್ಲ, ಅದನ್ನು ಯಾವುದಾದರೂ ಒಂದು ಬಂಧದ ನಡುವೆ ತೂರಿಸಿ. ಕಾರ್ಬನ್–ಹೈಡ್ರೋಜನ್ ಬಂಧದ ನಡುವೆ ತೂರಿಸಿದರೆ ಆಲ್ಕೋಹಾಲ್, ಕಾರ್ಬನ್–ಕಾರ್ಬನ್ ಬಂಧದ ನಡುವೆ ತೂರಿಸಿದರೆ ಈಥರ್. ಅಂದಮೇಲೆ ಒಂದಕ್ಕೊಂದು ಭಿನ್ನವಾದ ಬಂಧಗಳು ಎಷ್ಟಿವೆ ಅಂತ ಎಣಿಸಿದರೆ ಸಾಕು.

ಸಾಲು ಬ್ಯೂಟೇನ್‌ನಲ್ಲಿ ಹೈಡ್ರೋಜನ್‌ಗಳು ಎರಡು ಬಗೆ, ತುದಿಯವು ಮತ್ತು ಒಳಗಿನವು. ಆಕ್ಸಿಜನ್ ತುದಿಗೆ ಹೋದರೆ ಬ್ಯೂಟನ್-1-ಆಲ್, ಒಳಕ್ಕೆ ಹೋದರೆ ಬ್ಯೂಟನ್-2-ಆಲ್. ಐಸೋಬ್ಯೂಟೇನ್‌ನಲ್ಲೂ ಎರಡು ಬಗೆ: ಮೂರು ಮೀಥೈಲ್‌ಗಳ ಒಂಬತ್ತು ಹೈಡ್ರೋಜನ್‌ಗಳೂ ಒಂದೇ ಬಗೆ, ನಡುವಿನ ಒಂಟಿ ಹೈಡ್ರೋಜನ್ ಇನ್ನೊಂದು. ಅವುಗಳಿಂದ ಐಸೋಬ್ಯೂಟೈಲ್ ಆಲ್ಕೋಹಾಲ್ ಮತ್ತು ಟರ್ಷಿಯರಿ ಬ್ಯೂಟೈಲ್ ಆಲ್ಕೋಹಾಲ್. ಅಲ್ಲಿಗೆ ನಾಲ್ಕು. ಇನ್ನು ಕಾರ್ಬನ್–ಕಾರ್ಬನ್ ಬಂಧಗಳು. ಸಾಲು ಬ್ಯೂಟೇನ್‌ನಲ್ಲಿ ತುದಿಯ ಬಂಧ ಮತ್ತು ನಟ್ಟನಡುವಿನ ಬಂಧ. ಮೀಥೈಲ್ ಪ್ರೊಪೈಲ್ ಈಥರ್ ಹಾಗೂ ಡೈಈಥೈಲ್ ಈಥರ್ ಬಂದವು. ಐಸೋಬ್ಯೂಟೇನ್‌ನ ಮೂರು ಬಂಧಗಳೂ ಒಂದೇ ಬಗೆ, ಅದರಿಂದ ಮೀಥೈಲ್ ಐಸೋಪ್ರೊಪೈಲ್ ಈಥರ್. ಮೂರು. ಒಟ್ಟು ಏಳು. ಎಂಟನೆಯದು ಬಿಡಿಸಿದವರು ಯಾವುದೋ ಒಂದನ್ನು ಎರಡು ಸಲ ಬಿಡಿಸಿದ್ದಾರೆ. ಬ್ಯೂಟನ್-2-ಆಲ್‌ಗೆ ಕನ್ನಡಿಯ ಬಿಂಬದಂಥ ಎರಡು ರೂಪಗಳಿರುವುದು ನಿಜ, ಆದರೆ ಎರಡರಲ್ಲೂ ಕೈಹಿಡಿದವರು ಅವರೇ. ಅದು ರಚನಾ ಸಮಾಂಗತೆ ಅಲ್ಲ, ಆ ವಿಷಯ ಬೇರೆ.

ಎರಡು ಸಲ ಬಿಡಿಸುವ ತಪ್ಪು ಎಲ್ಲಿಂದ ಬರುತ್ತದೆ? ಕಾಗದದಿಂದ. ಐದು ಕಾರ್ಬನ್‌ಗಳ ಪೆಂಟೇನನ್ನು ನೆಟ್ಟಗೆ ಬಿಡಿಸಿ. ಪಕ್ಕದಲ್ಲೇ ಕೊನೆಯ ಕಾರ್ಬನ್ನನ್ನು ಕೆಳಕ್ಕೆ ಬಗ್ಗಿಸಿ ಬಿಡಿಸಿ. ಕಣ್ಣಿಗೆ ಎರಡು ಚಿತ್ರ. ಆದರೆ ಒಂಟಿಬಂಧ ತಿರುಗುತ್ತಲೇ ಇರುತ್ತದೆ, ಎರಡೂ ಅದೇ ಅಣು. ಬೆರಳಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಎತ್ತದೆ ಎಳೆಯಿರಿ. ಐದೂ ಕಾರ್ಬನ್ ಬೆರಳಿಗೆ ಸಿಕ್ಕರೆ ಅದು ಪೆಂಟೇನೇ, ಎಷ್ಟು ಡೊಂಕಾಗಿ ಬಿಡಿಸಿದ್ದರೂ ಸರಿ. 1-ಮೀಥೈಲ್‌ಬ್ಯೂಟೇನ್ ಅಂತ ಹೆಸರು ಬರೆದಿದ್ದರೆ ಅದೂ ಪೆಂಟೇನೇ. 2-ಈಥೈಲ್‌ಪ್ರೊಪೇನ್ ಅಂತ ಬರೆದಿದ್ದರೆ ಅದು 2-ಮೀಥೈಲ್‌ಬ್ಯೂಟೇನ್. ಉದ್ದದ ಸರಪಳಿ ಯಾವುದು ಅಂತ ಹುಡುಕಿಲ್ಲ ಅಷ್ಟೇ. ಅಕ್ಷರಗಳ ಹೋಲಿಕೆ ಕೊಡುವವರಿದ್ದಾರೆ, ಸರ ಮತ್ತು ರಸ ಎರಡಕ್ಕೂ ಅವೇ ಎರಡು ಅಕ್ಷರ ಅಂತ. ಆ ಹೋಲಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಪದವನ್ನು ಹಿಂದುಮುಂದಾಗಿ ಓದಿದರೆ ಅರ್ಥ ಬದಲಾಗುತ್ತದೆ, ಅಣುವನ್ನು ಹಿಂದಿನಿಂದ ಓದಿದರೂ ಅದು ಅದೇ ಅಣು. ಬ್ಯೂಟನ್-3-ಆಲ್ ಅನ್ನುವುದು ಬ್ಯೂಟನ್-2-ಆಲ್‌ನ್ನು ಆ ಕಡೆಯಿಂದ ಎಣಿಸಿದ್ದು.

ಎರಡು ಚಿತ್ರ ಒಂದೇ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಪ್ರತಿ ಕಾರ್ಬನ್ನಿಗೂ ಅದನ್ನು ಹಿಡಿದಿರುವ ಕಾರ್ಬನ್‌ಗಳೆಷ್ಟು ಅಂತ ಬರೆಯಿರಿ. ಪೆಂಟೇನ್‌ಗೆ 1, 2, 2, 2, 1. ಐಸೋಪೆಂಟೇನ್‌ಗೆ, ಅಂದರೆ ಆಗ ಹೇಳಿದ 2-ಮೀಥೈಲ್‌ಬ್ಯೂಟೇನ್‌ಗೆ, 1, 1, 1, 2, 3. ನಡುವಿನ ಒಂದಕ್ಕೆ ಸುತ್ತ ನಾಲ್ಕು ಕಾರ್ಬನ್ ಅಂಟಿದ ನಿಯೋಪೆಂಟೇನ್‌ಗೆ 1, 1, 1, 1, 4. ಪಟ್ಟಿ ಬೇರೆಯಾದರೆ ಅಣುವೂ ಬೇರೆ, ಇದರಲ್ಲಿ ಅನುಮಾನವಿಲ್ಲ. ಪಟ್ಟಿ ಒಂದೇ ಆದರೆ ಅಣುವೂ ಒಂದೇ ಅಂತ ಮಾತ್ರ ಹೇಳಲಾಗದು. ಆರು ಕಾರ್ಬನ್ ಮುಟ್ಟಿದ ಕೂಡಲೇ ಇದು ಕೈಕೊಡುತ್ತದೆ: 2-ಮೀಥೈಲ್‌ಪೆಂಟೇನ್, 3-ಮೀಥೈಲ್‌ಪೆಂಟೇನ್ ಎರಡಕ್ಕೂ 1, 1, 1, 2, 2, 3. ಆಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ 3ರ ನೆರೆಯವರು ಯಾರು ಅಂತ ಕೇಳಿ. ಮೊದಲನೆಯದರಲ್ಲಿ 1, 1, 2. ಎರಡನೆಯದರಲ್ಲಿ 1, 2, 2. ಬೇರೆ ಬೇರೆ.

ಸಂಖ್ಯೆ ಎಷ್ಟು ಬೇಗ ಏರುತ್ತದೆ ಗೊತ್ತೇ? ಬ್ಯೂಟೇನ್, ಪೆಂಟೇನ್‌ನಂಥ, ಕಾರ್ಬನ್–ಹೈಡ್ರೋಜನ್ ಮಾತ್ರ ಇದ್ದು ಉಂಗುರವೂ ದ್ವಿಬಂಧವೂ ಇಲ್ಲದ ಆಲ್ಕೇನ್‌ಗಳನ್ನೇ ತೆಗೆದುಕೊಳ್ಳಿ. ನಾಲ್ಕು ಕಾರ್ಬನ್ನಿಗೆ 2, ಐದಕ್ಕೆ 3, ಆರಕ್ಕೆ 5, ಏಳಕ್ಕೆ 9, ಎಂಟಕ್ಕೆ 18, ಹತ್ತಕ್ಕೆ 75, ಇಪ್ಪತ್ತಕ್ಕೆ 3,66,319. ಇಂಗ್ಲೆಂಡಿನ ಗಣಿತಜ್ಞ ಆರ್ಥರ್ ಕೇಲಿ 1870ರ ದಶಕದಲ್ಲಿ ಇವನ್ನು ಕೈಯಲ್ಲೇ ಎಣಿಸಲು ಹೊರಟರು. 12 ಮತ್ತು 13 ಕಾರ್ಬನ್‌ಗಳ ಹತ್ತಿರ ಅವರೂ ತಪ್ಪಿದರು. ಸರಿಯಾದ ಸಂಖ್ಯೆ 355 ಮತ್ತು 802. ಎಂಟು ಕಾರ್ಬನ್‌ಗಳ ಆ 18ರಲ್ಲಿ ಒಂದು ನಮ್ಮ ಪೆಟ್ರೋಲ್ ಬಂಕಿಗೂ ಬಂದಿದೆ. 2,2,4-ಟ್ರೈಮೀಥೈಲ್‌ಪೆಂಟೇನ್ ಎಂಬ ಕವಲೊಡೆದ ಅಣುವಿಗೆ ಆಕ್ಟೇನ್ ಅಂಕ 100 ಅಂತ ನಿಗದಿ ಮಾಡಿದ್ದಾರೆ, ಏಳು ಕಾರ್ಬನ್‌ಗಳ ನೇರ ಹೆಪ್ಟೇನ್‌ಗೆ 0. ಅದೇ ಸಿ₈ಎಚ್₁₈ ನೇರ ಸರಪಳಿಯಾದರೆ ಅಂಕ ಸೊನ್ನೆಗಿಂತಲೂ ಕೆಳಗೆ. ನೇರ ಸರಪಳಿ ಒತ್ತಡ ಏರುತ್ತಿದ್ದಂತೆ ಕಿಡಿಗೆ ಕಾಯದೆ ತಾನೇ ಹೊತ್ತಿಕೊಳ್ಳುತ್ತದೆ, ಎಂಜಿನ್ ಕುಟ್ಟುತ್ತದೆ. ಕವಲಿದ್ದರೆ ತಾಳಿಕೊಳ್ಳುತ್ತದೆ.

ಸೀಸೆಗಳಿಗೆ ಹಿಂತಿರುಗೋಣ. ಚೀಟಿ ನೆರವಾಗದು, ಆದರೂ ಏಳನ್ನೂ ಗುರುತಿಸಬೇಕು.

ಮೊದಲ ವಿಭಾಗ ಆಲ್ಕೋಹಾಲ್–ಈಥರ್. ಆಲ್ಕೋಹಾಲ್‌ನಲ್ಲಿ ಆಕ್ಸಿಜನ್ನಿನ ಮೇಲೆ ಹೈಡ್ರೋಜನ್ ಇದೆ, ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಬಿಡಿಸಲು ಹೆಚ್ಚು ಶಾಖ ಬೇಕು. ಆದ್ದರಿಂದ ನಾಲ್ಕು ಆಲ್ಕೋಹಾಲ್‌ಗಳು ಮೇಲೆ: ಬ್ಯೂಟನ್-1-ಆಲ್ 117.7, ಐಸೋಬ್ಯೂಟೈಲ್ 107.9, ಬ್ಯೂಟನ್-2-ಆಲ್ 99.5, ಟರ್ಷಿಯರಿ ಬ್ಯೂಟೈಲ್ 82.4 ಡಿಗ್ರಿ. ಮೂರು ಈಥರ್‌ಗಳು ಕೆಳಗೆ: ಮೀಥೈಲ್ ಪ್ರೊಪೈಲ್ 39, ಡೈಈಥೈಲ್ 34.6, ಮೀಥೈಲ್ ಐಸೋಪ್ರೊಪೈಲ್ ಸುಮಾರು 31. ಅಕ್ಕಿಕಾಳಿನಷ್ಟು ಸೋಡಿಯಂ ಹಾಕಿದರೆ ಆಲ್ಕೋಹಾಲ್‌ನಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಈಥರ್‌ನಲ್ಲಿ ಏಳಬಾರದು. ಏಳಬಾರದು ಅನ್ನುತ್ತೇನೆ, ಏಳುವುದಿಲ್ಲ ಅನ್ನುವುದಿಲ್ಲ. ಈಥರ್ ಒಣಗಿಲ್ಲದಿದ್ದರೆ ಅದರೊಳಗಿನ ನೀರೇ ಗುಳ್ಳೆ ಎಬ್ಬಿಸಿ ಮೋಸ ಮಾಡುತ್ತದೆ. ಒಣಗಿಸದ ದ್ರವದ ಮೇಲೆ ಈ ಪರೀಕ್ಷೆಗೆ ಬೆಲೆಯಿಲ್ಲ.

ಈಥರ್ ಬಿಸಿಮಾಡುವಾಗ ಒಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅದರ ಆವಿ ಗಾಳಿಗಿಂತ ಭಾರ. ಮೇಜಿನ ಮೇಲೆ ಹರಿದು ಆಚೆ ತುದಿಯಲ್ಲಿರುವ ಬರ್ನರ್ ಮುಟ್ಟುತ್ತದೆ. ಜ್ವಾಲೆಯೇ ಬೇಕು ಅಂತಿಲ್ಲ, ಸುಮಾರು 160 ಡಿಗ್ರಿಗೆ ಕಾದ ಫಲಕ ಸಾಕು ಅದು ಹೊತ್ತಿಕೊಳ್ಳಲು. ಬಿಸಿನೀರಿನ ಪಾತ್ರೆಯಲ್ಲೇ ಕಾಯಿಸಬೇಕು. ತೆರೆದಿಟ್ಟ ಹಳೆಯ ಸೀಸೆಯಲ್ಲಿ ಗಾಳಿ–ಬೆಳಕು ಸೇರಿ ಪೆರಾಕ್ಸೈಡ್ ಆಗಿರಬಹುದು, ಅದು ಸ್ಫೋಟಕ. ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ಹಾಕಿ ಕುಲುಕಿದಾಗ ಹಳದಿ–ಕಂದು ಬಣ್ಣ ಬಂದರೆ ಆ ಸೀಸೆಯನ್ನು ಬಟ್ಟಿ ಇಳಿಸಲು ಹೋಗಬೇಡಿ.

ಇನ್ನು ಕುದಿಬಿಂದುವಿನ ವಿಚಾರ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಬೇಕು. ಪುಸ್ತಕದ ಅಂಕಿಗಳೆಲ್ಲ ಸಮುದ್ರಮಟ್ಟದ 760 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಸೇರಿದವು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 680ರ ಆಸುಪಾಸು. ನೀರೇ ಇಲ್ಲಿ ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ. ಡೈಈಥೈಲ್ ಈಥರ್ ಸುಮಾರು 3 ಡಿಗ್ರಿ ಕೆಳಗಿಳಿದು 31.5ರ ಹತ್ತಿರ ಕುದಿಯುತ್ತದೆ. ಪುಸ್ತಕದಲ್ಲಿ 31ರ ಎದುರು ಯಾರ ಹೆಸರಿದೆ? ಮೀಥೈಲ್ ಐಸೋಪ್ರೊಪೈಲ್ ಈಥರ್. ತಾಪಮಾಪಕ ಸರಿ, ಕೈ ಸರಿ, ಪುಸ್ತಕವೂ ಸರಿ, ಉತ್ತರ ಮಾತ್ರ ತಪ್ಪು! ಅದೇ ಸೀಸೆ ಮಂಗಳೂರಿಗೆ ಹೋದರೆ 34.6 ತೋರಿಸುತ್ತದೆ. ಆದ್ದರಿಂದ ಆ ದಿನದ ಒತ್ತಡ ಬರೆದುಕೊಳ್ಳದೆ ಕುದಿಬಿಂದು ಬರೆಯಬಾರದು. ಇಲ್ಲವೇ ಗೊತ್ತಿರುವ ಶುದ್ಧ ಡೈಈಥೈಲ್ ಈಥರ್ ಒಂದಿಷ್ಟನ್ನು ಅದೇ ಹೊತ್ತಿಗೆ, ಅದೇ ಉಪಕರಣದಲ್ಲಿ ಕಾಯಿಸಿ ಹೋಲಿಸಿ.

ಆಲ್ಕೋಹಾಲ್‌ಗಳಲ್ಲಿ ಒಂದು ತಾನಾಗಿಯೇ ಕೈಯೆತ್ತುತ್ತದೆ. ಟರ್ಷಿಯರಿ ಬ್ಯೂಟೈಲ್ ಆಲ್ಕೋಹಾಲ್ 25.7 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಗುಂಡಗಿನ ಅಣು, ಹರಳಿನಲ್ಲಿ ಚೆನ್ನಾಗಿ ಜೋಡಣೆಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಸೀಸೆಯೊಳಗೆ ಕಲ್ಲುಸಕ್ಕರೆಯಂತೆ ಹೆಪ್ಪುಗಟ್ಟಿರುತ್ತದೆ, ಬೆಚ್ಚಗಿನ ನೀರಿನಲ್ಲಿಟ್ಟರೆ ಮತ್ತೆ ದ್ರವ. ಚಳಿಯಲ್ಲೂ ಹೆಪ್ಪುಗಟ್ಟದಿದ್ದರೆ ನೀರು ಸೇರಿದೆ ಅಂತ ತಿಳಿಯಿರಿ.

ಉಳಿದವಕ್ಕೆ ಲೂಕಾಸ್ ಪರೀಕ್ಷೆ. ಆಕ್ಸಿಜನ್ ಹಿಡಿದ ಕಾರ್ಬನ್ನಿಗೆ ಎಷ್ಟು ಕಾರ್ಬನ್ ಅಂಟಿದೆ ಅಂತ ಇದು ಸುಳಿವು ಕೊಡುತ್ತದೆ: ಒಂದಾದರೆ ಪ್ರೈಮರಿ, ಮೂರಾದರೆ ಟರ್ಷಿಯರಿ. ನೀರಿಲ್ಲದ ಸತುವಿನ ಕ್ಲೋರೈಡ್ 68 ಗ್ರಾಂ, ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ 52.5 ಗ್ರಾಂ, ಮಂಜುಗಡ್ಡೆಯಲ್ಲಿ ತಣ್ಣಗೆ ಇಟ್ಟುಕೊಂಡೇ ಕರಗಿಸಬೇಕು, ಬಹಳ ಬಿಸಿಯಾಗುತ್ತದೆ. ಇದರ 3 ಮಿಲಿಲೀಟರ್‌ಗೆ ಅರ್ಧ ಮಿಲಿಲೀಟರ್ ಆಲ್ಕೋಹಾಲ್ ಹಾಕಿ, ಕುಲುಕಿ, ಬಿಡಿ. ಟರ್ಷಿಯರಿ ಕೂಡಲೇ ಮೋಡ ಕಟ್ಟುತ್ತದೆ. ಹುಟ್ಟಿದ ಕ್ಲೋರೈಡ್ ನೀರಿನಲ್ಲಿ ಕರಗದೆ ಬೇರೆಯಾಗುವುದೇ ಆ ಮೋಡ. ಬ್ಯೂಟನ್-2-ಆಲ್‌ಗೆ ಐದು ನಿಮಿಷದ ಆಸುಪಾಸು ಬೇಕು. ಬ್ಯೂಟನ್-1-ಆಲ್ ಮತ್ತು ಐಸೋಬ್ಯೂಟೈಲ್ ಕೋಣೆಯ ಶಾಖದಲ್ಲಿ ತಿಳಿಯಾಗಿಯೇ ಉಳಿಯುತ್ತವೆ. ಸತುವಿನ ಕ್ಲೋರೈಡ್ ಗಾಳಿಯ ತೇವ ಹೀರಿಕೊಂಡಿದ್ದರೆ ಬ್ಯೂಟನ್-2-ಆಲ್ ಕೂಡ ಮೋಡ ಕಟ್ಟುವುದಿಲ್ಲ, ಆಗ ಅದನ್ನು ಪ್ರೈಮರಿ ಅಂತ ಬರೆದುಬಿಡುತ್ತಾರೆ. ಅದಕ್ಕೇ ಅಯೊಡೋಫಾರ್ಮ್ ಪರೀಕ್ಷೆಯನ್ನೂ ಮಾಡಿ: ಐದು ಹನಿ ಮಾದರಿ, 2 ಮಿಲಿಲೀಟರ್ ನೀರು, 2 ಮಿಲಿಲೀಟರ್ ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್, ಆಮೇಲೆ ಅಯೊಡಿನ್ ದ್ರಾವಣವನ್ನು ಕಂದು ಬಣ್ಣ ನಿಲ್ಲುವವರೆಗೆ ಹನಿಹನಿಯಾಗಿ, 60 ಡಿಗ್ರಿಯಲ್ಲಿ ಎರಡು ನಿಮಿಷ. ಏಳರಲ್ಲಿ ಹಳದಿ ಗಷ್ಟು ಕೊಡುವುದು ಬ್ಯೂಟನ್-2-ಆಲ್ ಒಂದೇ. ಕೊನೆಗೆ ಉಳಿಯುವ ಎರಡು ಪ್ರೈಮರಿಗಳನ್ನು ಕುದಿಬಿಂದುವಿನ ಹತ್ತು ಡಿಗ್ರಿ ಅಂತರ ಬಿಡಿಸುತ್ತದೆ.

ಯಂತ್ರ ಇರುವ ಕಡೆ ಕೆಲಸ ಬೇಗ ಆಗುತ್ತದೆ. ಅಣು ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಅಂತ ತೋರಿಸುವ ಪಟದಲ್ಲಿ 3300ರ ಹತ್ತಿರ ಅಗಲವಾದ ಕಣಿವೆ ಕಂಡರೆ ಆಲ್ಕೋಹಾಲ್. ಪ್ರತಿ ಬಗೆಯ ಕಾರ್ಬನ್ನಿಗೂ ಒಂದೊಂದು ಗೆರೆ ತೋರಿಸುವ ಕಾರ್ಬನ್-13 ಎನ್‌ಎಂಆರ್‌ ಎಂಬ ಯಂತ್ರದಲ್ಲಿ ಎಷ್ಟು ಗೆರೆ ಅಂತ ಎಣಿಸಿ: ಆಲ್ಕೋಹಾಲ್‌ಗಳಲ್ಲಿ ಬ್ಯೂಟನ್-1-ಆಲ್ 4, ಬ್ಯೂಟನ್-2-ಆಲ್ 4, ಐಸೋಬ್ಯೂಟೈಲ್ 3, ಟರ್ಷಿಯರಿ 2, ಈಥರ್‌ಗಳಲ್ಲಿ ಮೀಥೈಲ್ ಪ್ರೊಪೈಲ್ 4, ಮೀಥೈಲ್ ಐಸೋಪ್ರೊಪೈಲ್ 3, ಡೈಈಥೈಲ್ 2. ಮೊದಲ ಜೋಡಿ ಬಿಟ್ಟು ಎಲ್ಲ ಬೇರೆಯಾದವು. ಆ ಜೋಡಿಯಲ್ಲಿ ಆಕ್ಸಿಜನ್ ಹಿಡಿದ ಕಾರ್ಬನ್ ಒಂದರಲ್ಲಿ ಪಟದ ಅಳತೆಯ 62ರ ಹತ್ತಿರ, ಇನ್ನೊಂದರಲ್ಲಿ 69ರ ಹತ್ತಿರ ಕಾಣುತ್ತದೆ. ಗೆರೆಗಳ ಲೆಕ್ಕ ಬೇರೇನಲ್ಲ, ಆಗ ಹೈಡ್ರೋಜನ್‌ಗಳು ಎಷ್ಟು ಬಗೆ ಅಂತ ಎಣಿಸಿದೆವಲ್ಲ, ಹಾಗೆಯೇ ಅಣುವಿನಲ್ಲಿ ಎಷ್ಟು ಬಗೆಯ ಕಾರ್ಬನ್ ಇದೆ ಅಂತ ಎಣಿಸುವುದು.

ಇಷ್ಟು ಹೊತ್ತು ಅಂಕ ಸೊನ್ನೆಯ ಸೂತ್ರ ನೋಡಿದೆವು. ನಮ್ಮ ನೆಲದ್ದೇ ಒಂದು ಸೂತ್ರ ತೆಗೆದುಕೊಂಡು ಇದನ್ನು ಮುಂದುವರಿಸುತ್ತೇನೆ: ಸಿ₁₅ಎಚ್₂₄ಓ, ಶ್ರೀಗಂಧದ ಎಣ್ಣೆಯ ಸ್ಯಾಂಟಲಾಲ್. ಮೊದಲ ಮಹಾಯುದ್ಧದಿಂದ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ವಿಧಾನ ರೂಪಿಸಿದರು, 1916ರಲ್ಲಿ ಬೆಂಗಳೂರಿನಲ್ಲೇ ಮೈಸೂರು ಸಂಸ್ಥಾನದ ಕಾರ್ಖಾನೆ ಶುರುವಾಯಿತು. ಆ ಎಣ್ಣೆಯಲ್ಲಿ ಇರುವುದು ಒಂದು ಸ್ಯಾಂಟಲಾಲ್ ಅಲ್ಲ, ಆಲ್ಫಾ ಮತ್ತು ಬೀಟಾ ಎಂಬ ಎರಡು ಸಮಾಂಗಿಗಳು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಆಲ್ಫಾ ಶೇ. 41ರಿಂದ 55, ಬೀಟಾ ಶೇ. 16ರಿಂದ 24 ಇರಬೇಕು. ಪ್ರಮಾಣದಲ್ಲಿ ಆಲ್ಫಾ ಹೆಚ್ಚು, ಆದರೆ ನಾವು ಶ್ರೀಗಂಧ ಅಂತ ಗುರುತಿಸುವ ಆ ಪರಿಮಳದ ಹೆಚ್ಚಿನ ಪಾಲು ಬೀಟಾದ್ದು.

ಲೆಕ್ಕ ಹಾಕಿ. ಹದಿನೈದು ಕಾರ್ಬನ್ನಿಗೆ ಹೈಡ್ರೋಜನ್ 32 ಬೇಕಿತ್ತು, ಇರುವುದು 24. ಎಂಟು ಕಡಿಮೆ, ಅಂಕ 4. ಆಲ್ಫಾ ಈ ನಾಲ್ಕನ್ನು ಮೂರು ಉಂಗುರ, ಒಂದು ದ್ವಿಬಂಧವಾಗಿ ಹಂಚಿಕೊಂಡಿದೆ. ಬೀಟಾ ಎರಡು ಉಂಗುರ, ಎರಡು ದ್ವಿಬಂಧವಾಗಿ. ಸುಟ್ಟು ತೂಗಿದರೆ ಇದು ಎಂದಿಗೂ ತಿಳಿಯುವುದಿಲ್ಲ. 10 ಮಿಲಿಗ್ರಾಂ ಆಲ್ಫಾ ಆಗಲಿ ಬೀಟಾ ಆಗಲಿ ಕೊಡುವುದು 29.96 ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್, 9.81 ಮಿಲಿಗ್ರಾಂ ನೀರು. ವೇಗವರ್ಧಕ ಇಟ್ಟು, ಹೆಚ್ಚು ಬಿಸಿ ಮಾಡದೆ ಹೈಡ್ರೋಜನ್ ಕೊಟ್ಟು ನೋಡಬೇಕು. ಉಂಗುರ ಹೈಡ್ರೋಜನ್ ತೆಗೆದುಕೊಳ್ಳುವುದಿಲ್ಲ, ದ್ವಿಬಂಧ ತೆಗೆದುಕೊಳ್ಳುತ್ತದೆ. ಒಂದು ಮೋಲ್ ಆಲ್ಫಾ ಒಂದು ಮೋಲ್ ಹೀರುತ್ತದೆ, ಬೀಟಾ ಎರಡು.

ನಾಲ್ಕನ್ನು ಹಂಚುವ ದಾರಿ ಇನ್ನೂ ಇದೆ. ಅಂಗಡಿಯ ಕುರುಕಲು ತಿಂಡಿಯ ಕೆಲವು ಪೊಟ್ಟಣಗಳ ಮೇಲೆ ಆಂಟಿಆಕ್ಸಿಡೆಂಟ್ 321 ಅಂತ ಬರೆದಿರುತ್ತದೆ. ಎಣ್ಣೆ ಕಮಟಾಗದಂತೆ ಹಾಕುವ ಬಿಳಿ ಪುಡಿ, ಬಿಎಚ್‌ಟಿ. ಅದರ ಅಣುಸೂತ್ರವೂ ಸಿ₁₅ಎಚ್₂₄ಓ. ಬೆಂಜೀನ್‌ನ ಒಂದು ಉಂಗುರ, ಅದರೊಳಗೆ ಮೂರು ದ್ವಿಬಂಧ. ಆಲ್ಫಾದಲ್ಲಿ ಮೂರು ಒಂದು, ಬೀಟಾದಲ್ಲಿ ಎರಡು ಎರಡು, ಇಲ್ಲಿ ಒಂದು ಮೂರು. ಬೆಂಜೀನ್ ಉಂಗುರದ ದ್ವಿಬಂಧಗಳು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ, ಅದೇ ಸ್ಥಿತಿಯಲ್ಲಿ ಹೈಡ್ರೋಜನ್ ಕೊಟ್ಟರೆ ಇದು ಹೀರುವುದು ಸೊನ್ನೆ. 70 ಡಿಗ್ರಿಯ ಹತ್ತಿರ ಕರಗುವ ಈ ಪುಡಿಯನ್ನೂ ಗಂಧದೆಣ್ಣೆಯ ಆ ಎರಡು ದ್ರವಗಳನ್ನೂ ಸುಟ್ಟು ತೂಗಿದವರಿಗೆ ಮೂರು ಸಲವೂ ಸಿಗುವುದು ಅದೇ ಶೇ. 81.76 ಕಾರ್ಬನ್, ಶೇ. 10.98 ಹೈಡ್ರೋಜನ್.